ಸಿನಿಮಾದ ಕನ್ನಡ ಶಾಲೆಗೆ ಕಣ್ಣೀರು, ಪಕ್ಕದ ರಸ್ತೆಯ ಶಾಲೆಗೆ ಏನು?

ಬೆಂಗಳೂರು: ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದಿಂದ ಹಿಡಿದು ಕೆಂಗೇರಿವರೆಗೂ ಅಡ್ಮಿಷನ್ ಸೀಸನ್ ಬಂತೆಂದರೆ ಪೋಷಕರ ಮಾತು ಒಂದೇ: ಯಾವ ಸ್ಕೂಲು, ಎಷ್ಟು ಫೀಸು? ಕನ್ನಡ ಶಾಲೆ ಉಳೀಬೇಕು ಅನ್ನೋ ಚರ್ಚೆ ಬಂದಾಗ ಮಾತ್ರ ಒಂದು ಸಿನಿಮಾ ನೆನಪಾಗುತ್ತೆ: ‘ಸರಕಾರಿ ಹಿ.ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’.

ರಿಷಬ್ ಶೆಟ್ಟಿ ನಿರ್ದೇಶನದ ಈ ಚಿತ್ರ ತೆರೆಕಂಡಿದ್ದು 2018ರ ಆಗಸ್ಟ್‌ನಲ್ಲಿ. ಅತ್ಯುತ್ತಮ ಮಕ್ಕಳ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಗೆ ಮಲಯಾಳಂ ಮಾತಾಡುವ ಗಣಿತ ಮೇಷ್ಟ್ರು ಬರ್ತಾರೆ. ಪಾಠ ಒಬ್ಬರಿಗೂ ಅರ್ಥ ಆಗಲ್ಲ. ಕೊನೆಗೆ ಶಾಲೆ ಮುಚ್ಚುವ ಹಂತ ತಲುಪುತ್ತೆ.

ಇಲ್ಲಿ ಅಳು ಬರಿಸೋದು ಅಳುವ ನಟನೆಯಲ್ಲ. ಓದಿನಲ್ಲಿ ಹಿಂದೆ ಬಿದ್ದ ಪ್ರವೀಣನಾಗಿ ರಂಜನ್, ಅವನ ಜೊತೆಯ ಹುಡುಗರು ಕರಾವಳಿ ಕನ್ನಡದಲ್ಲಿ ತುಂಟತನ ಮಾಡ್ತಾ, ಜಗಳ ಆಡ್ತಾ ಇರ್ತಾರೆ. ಯಾರೂ ಕನಿಕರ ಕೇಳಲ್ಲ. ಪ್ರಮೋದ್ ಶೆಟ್ಟಿ, ಪ್ರಕಾಶ್ ತುಮಿನಾಡು ನಗಿಸ್ತಾರೆ. ಹೀಗೆ ಮಕ್ಕಳು ನಮ್ಮವರಾದ ಮೇಲೆಯೇ ಬೀಗದ ಮಾತು ಬರೋದು. ಮೈಸೂರಿನಿಂದ ಬರುವ ಅನಂತಪದ್ಮನಾಭನಾಗಿ ಅನಂತ್ ನಾಗ್ ಕೋರ್ಟ್‌ನಲ್ಲಿ ವಾದಕ್ಕೆ ನಿಂತಾಗ ಗಂಟಲು ಕಟ್ಟೋದು ಅದಕ್ಕೇ.

ಆದರೆ ನಮ್ಮ ಏರಿಯಾದ ಲೆಕ್ಕ ಬೇರೆ. ಕಾಸರಗೋಡಿನ ಆ ಮಕ್ಕಳ ಎದುರಿಗಿದ್ದದ್ದು ಅಧಿಕಾರಿ. ಇಲ್ಲಿ ಕನ್ನಡ ಶಾಲೆ ಬಿಡ್ತಿರೋದು ಅಪ್ಪ ಅಮ್ಮನೇ. ಕಲಿಕಾ ಮಾಧ್ಯಮದ ಆಯ್ಕೆ ಪೋಷಕರದ್ದು, ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2019ರಲ್ಲಿ ರಾಜ್ಯ ಸರ್ಕಾರವೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತಂದಿತು. ಪೋಷಕರನ್ನು ಬೈದು ಪ್ರಯೋಜನವಿಲ್ಲ. ಮಗುವಿನ ಭವಿಷ್ಯದ ಭಯ ಎಲ್ಲರಿಗೂ ಇದೆ. ಅನಂತಪದ್ಮನಾಭ ಬಂದು ಗೆಲ್ಲಿಸುವ ಕೇಸು ಇದಲ್ಲ.

ಹಾಗಾದರೆ ಮಾಡಬೇಕಾದ್ದೇನು? ಚಿತ್ರೀಕರಣ ನಡೆದ ಕೈರಂಗಳದ ಶಾಲೆಯನ್ನು ರಿಷಬ್ ಶೆಟ್ಟಿ ದತ್ತು ಪಡೆದರು. ಎಲ್ಲರಿಗೂ ಅದು ಆಗದು. ಆದರೆ ಕೇಳೋದು ಆಗುತ್ತೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. 6ರಿಂದ 8ನೇ ತರಗತಿಗೆ 35 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರು, ವಿಜ್ಞಾನ–ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಕನಿಷ್ಠ ಒಬ್ಬೊಬ್ಬರು ಬೇಕು.

ಸಿನಿಮಾದ ಮಕ್ಕಳು ಕೇಳಿದ್ದೂ ಅಷ್ಟೇ: ಅರ್ಥ ಆಗುವ ಹಾಗೆ ಗಣಿತ ಹೇಳಿಕೊಡೋ ಮೇಷ್ಟ್ರು. ಪಕ್ಕದ ರಸ್ತೆಯ ಸರ್ಕಾರಿ ಶಾಲೆಯಲ್ಲಿ ಅಂಥವರು ಇದ್ದಾರಾ? ಇಲ್ಲದಿದ್ದರೆ ಯಾಕಿಲ್ಲ? ಮಗುವನ್ನು ಎಲ್ಲಿಗೆ ಸೇರಿಸೋದು ಅಂತ ನಿರ್ಧರಿಸುವ ಮುಂಚೆ ಒಮ್ಮೆ ಒಳಗೆ ಹೋಗಿ ಕೇಳಿ ನೋಡಬಹುದು.