ಮೇವಿಗೂ ಬೇಕು ಗಂಧಕ

ಧಾರವಾಡದ ಪೇಢೆಗೆ ಹಾಲು ಮೂಲ. ಹಾಲಿಗೆ ಮೇವು ಮೂಲ. ಆ ಮೇವಿಗೆ ಗಂಧಕವೂ ಬೇಕೆಂಬುದನ್ನು ಅನೇಕರು ಮರೆಯುವರು. ಸಾರಜನಕ ಸಾಲದಿದ್ದರೆ ಮೊದಲು ಹಳೆಯ ಎಲೆ ಹಳದಿಯಾಗುವುದು; ಗಂಧಕ ಸಾಲದಿದ್ದರೆ ಎಳೆಯ ಎಲೆ. ಇದನ್ನರಿಯದೆ ಯೂರಿಯಾ ಸುರಿದರೆ ಹಣ ಮಣ್ಣುಪಾಲು.

ಸೂಪರ್ ಫಾಸ್ಫೇಟಿನಲ್ಲಿ ರಂಜಕದ ಜೊತೆಗೆ ನೂರಕ್ಕೆ 11 ಪಾಲು ಗಂಧಕವೂ ಉಂಟು, ಡಿ.ಎ.ಪಿ.ಯಲ್ಲಿ ಇಲ್ಲವೆಂದೇ ಹೇಳಬೇಕು. ಚೀಲ ಬದಲಾದಾಗ ಹೊಲದ ಒಂದು ಆಹಾರವೇ ಸದ್ದಿಲ್ಲದೆ ತಪ್ಪುವುದು.

ಜಿಪ್ಸಮ್ಮಿನ ಗಂಧಕವನ್ನು ಬೇರುಗಳು ಬೇಗನೆ ಹೀರಬಲ್ಲವು. ಗಂಧಕದ ಪುಡಿಯಾದರೋ ಮಣ್ಣಿನ ಸೂಕ್ಷ್ಮಜೀವಿಗಳಿಂದ ಸಲ್ಫೇಟಾಗಿ ಮಾರ್ಪಟ್ಟ ಮೇಲೆಯೇ ಬೆಳೆಗೆ ದೊರೆಯುವುದು. ಅದಕ್ಕೆ ತೇವವೂ ಕಾಲವೂ ಬೇಕು. ಆದುದರಿಂದ ಪುಡಿಯನ್ನು ಬಿತ್ತನೆಗೆ ಕೆಲವು ವಾರ ಮೊದಲೇ ಹಸಿ ಮಣ್ಣಿಗೆ ಸೇರಿಸಬೇಕು. ಬೆಳೆದು ನಿಂತ ಕುದುರೆಮಸಾಲೆಗೆ ಜಿಪ್ಸಮ್ಮೇ ಲೇಸು. ಯಾವುದಕ್ಕೂ ಮೊದಲು ಮಣ್ಣಿನ ಪರೀಕ್ಷೆ, ಆಮೇಲೆ ಚೀಲ.