ಯಂತ್ರದ ಎಚ್ಚರ ಮತ್ತು ಮನುಷ್ಯನ ಹೊಣೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದಾಗ, ಹಳೆಯ ದಿನಗಳನ್ನು ನೆನೆದು ಎರಡು ಪುಟ ಬರೆದರೆ ಸಾಕೆಂದು ಮೊದಲು ಅಂದುಕೊಂಡಿದ್ದೆ. ಆದರೆ ಅಂಥ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಳೆಯ ವಿದ್ಯಾರ್ಥಿಗಳು ಹಲವರಿದ್ದಾರೆ. ಆದ್ದರಿಂದ ಈಚೆಗೆ ನನ್ನ ಮನಸ್ಸನ್ನು ಕಾಡುತ್ತಿರುವ ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಸೀಮೆಸುಣ್ಣ ಹಿಡಿದೇ ಆಯುಷ್ಯ ಸವೆಸಿದವನಿಗೆ ಮೋಟಾರು ವಾಹನಗಳ ಬಗ್ಗೆ ಮಾತನಾಡುವ ಅಧಿಕಾರವೇನು ಎಂದು ಯಾರಾದರೂ ಕೇಳಿದರೆ, ಹಿಂದಿನ ಆಸನದಲ್ಲಿ ಕುಳಿತು ಜೀವ ಕೈಯಲ್ಲಿ ಹಿಡಿದುಕೊಂಡವನ ಅಧಿಕಾರವೆಂದಷ್ಟೇ ಹೇಳಬಲ್ಲೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬಂಧುಗಳ ಮನೆಯ ಮದುವೆ ಮುಗಿಸಿಕೊಂಡು ದಿಂಡಿಗಲ್ಲಿಗೆ ಹಿಂದಿರುಗುತ್ತಿದ್ದೆ. ಬಾಡಿಗೆ ಕಾರು ಓಡಿಸುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹೊಸ ವಾಹನದಲ್ಲಿ ನನ್ನನ್ನು ಕರೆತರುತ್ತಿದ್ದ. ಕರೂರು ದಾಟಿ, ಅರವಕುರಿಚ್ಚಿಯನ್ನೂ ಹಿಂದಿಕ್ಕಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ ವೇಡಸಂದೂರಿನ ಕಡೆಗೆ ಬರುತ್ತಿದ್ದೆವು. ವೇಗವನ್ನು ಗಂಟೆಗೆ 90 ಕಿಲೋಮೀಟರಿಗೆ ನಿಗದಿ ಮಾಡಿ ಅವನು ಕಾಲನ್ನು ಹಿಂದಕ್ಕೆ ತೆಗೆದುಕೊಂಡಿದ್ದ. ದೂರದಲ್ಲಿ ಬಲಗಡೆಯ ಪಥದಲ್ಲಿಯೇ ಮೇವು ಹೇರಿಕೊಂಡ ಟ್ರ್ಯಾಕ್ಟರೊಂದು ತೆವಳುತ್ತಿರುವುದು ನನ್ನ ಮಂಜುಗಣ್ಣಿಗೂ ಕಾಣಿಸಿತು. "ಮುಂದೆ ಟ್ರ್ಯಾಕ್ಟರು ಇದೆಯಪ್ಪಾ" ಎಂದೆ. "ಗಾಡಿಯೇ ನೋಡಿಕೊಳ್ಳುತ್ತೆ ಮೇಷ್ಟ್ರೇ" ಎಂದ.

ಗಾಡಿ ನೋಡಿಕೊಂಡಿತು, ಆದರೆ ತಡವಾಗಿ. ಮೊದಲು ಚೀರುವ ಸದ್ದು. ಅದರ ಬೆನ್ನಿಗೇ ಗೋಡೆಗೆ ಬಡಿದಂಥ ಬ್ರೇಕು. ನನ್ನ ಕನ್ನಡಕ ಮುಂದಿನ ಆಸನದ ಕೆಳಗೆ ಹೋಗಿ ಬಿತ್ತು. ನಾವು ಟ್ರ್ಯಾಕ್ಟರಿಗೆ ತಗುಲಲಿಲ್ಲ. ನಮ್ಮ ಬೆನ್ನ ಹಿಂದೆಯೇ ಬರುತ್ತಿದ್ದ ಮೋಟಾರು ಸೈಕಲ್ಲಿನ ತರುಣರಿಬ್ಬರು ಮಾತ್ರ ಎಡಕ್ಕೆ ಹೊರಳಿಸಿ, ರಸ್ತೆಯಂಚಿನ ಮಣ್ಣಿನಲ್ಲಿ ಜಾರಿ ಬಿದ್ದರು. ದೇವರ ದಯೆಯಿಂದ ಮೊಣಕೈ ತರಚಿದ್ದಲ್ಲದೆ ಹೆಚ್ಚಿನದೇನೂ ಆಗಲಿಲ್ಲ. ಅವರಲ್ಲೊಬ್ಬ ಎದ್ದುಬಂದು, "ಕಾರಣವಿಲ್ಲದೆ ಹೀಗೆ ಬ್ರೇಕು ಹಾಕುವುದೇ?" ಎಂದು ತಮಿಳಿನಲ್ಲಿ ಕೂಗಾಡಿದ. ನಮ್ಮ ಹುಡುಗ ತಲೆ ತಗ್ಗಿಸಿ, "ನಾನು ಹಾಕಲಿಲ್ಲ, ಗಾಡಿ ಹಾಕಿತು" ಎಂದ. ಐವತ್ತು ವರ್ಷಗಳಿಂದ ತಂಟೆಕೋರ ಮಕ್ಕಳ ಬಾಯಲ್ಲಿ ಕೇಳುತ್ತ ಬಂದ ಉತ್ತರವಿದು. ಆದರೆ ಈ ಬಾರಿ ಅದು ಸುಳ್ಳಾಗಿರಲಿಲ್ಲ.

ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂದು ಆಮೇಲೆ ತಿಳಿದವರನ್ನು ಕೇಳಿ ಅರಿತುಕೊಂಡೆ. ವಾಹನದ ಮುಂಭಾಗದಲ್ಲಿರುವ ರಾಡಾರ್ ಎಂಬ ಉಪಕರಣ ರೇಡಿಯೋ ಅಲೆಗಳನ್ನು ಕಳುಹಿಸಿ, ಅವು ಮರಳಿ ಬರುವುದನ್ನು ಆಧರಿಸಿ ಎದುರಿನ ವಸ್ತುವಿನ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಗಾಜಿನ ಹಿಂದಿರುವ ಕ್ಯಾಮೆರಾ ಆ ವಸ್ತು ಏನೆಂದು ಗುರುತಿಸಲು ಯತ್ನಿಸುತ್ತದೆ. ರಾಡಾರಿಗೆ ಸೇತುವೆಯೂ ಲೋಹವೇ, ನಾಮಫಲಕವೂ ಲೋಹವೇ, ನಿಂತ ಲಾರಿಯೂ ಲೋಹವೇ. ಕಂಡದ್ದಕ್ಕೆಲ್ಲ ಬ್ರೇಕು ಹಾಕಿದರೆ ವಾಹನ ಮುಂದೆ ಸಾಗದು. ಆದ್ದರಿಂದ ಅಪಾಯ ನಿಶ್ಚಿತವೆಂದು ಖಾತ್ರಿಯಾಗುವ ತನಕ ಯಂತ್ರ ಕಾಯುವಂತೆ ಅದನ್ನು ರೂಪಿಸಿರುತ್ತಾರೆ. ಖಾತ್ರಿಯಾಗುವ ಹೊತ್ತಿಗೆ ದೂರ ಕರಗಿರುತ್ತದೆ. ಉಳಿದ ದಾರಿ ಪೂರ್ಣ ಬಲದ ಬ್ರೇಕು ಒಂದೇ. ಅತಿ ಎಚ್ಚರ ವಹಿಸಿದರೂ ತೊಂದರೆ ತಪ್ಪಿದ್ದಲ್ಲ. ಅಮೆರಿಕದಲ್ಲಿ ಒಂದು ತಯಾರಕರ ಕಾರುಗಳು ಏನೂ ಇಲ್ಲದ ಹೆದ್ದಾರಿಯಲ್ಲಿ ತಾವಾಗಿಯೇ ಬ್ರೇಕು ಹಾಕುತ್ತವೆಂದು 354 ದೂರುಗಳು ಬಂದು, 2022ರಲ್ಲಿ ಅಲ್ಲಿನ ಸರ್ಕಾರಿ ಸುರಕ್ಷತಾ ಸಂಸ್ಥೆ ತನಿಖೆ ಆರಂಭಿಸಿತು.

ಇಲ್ಲಿ ಒಂದು ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದಂತೆ ಬರೆಯುತ್ತೇನೆ. ಹಳೆಯ ವಿದ್ಯಾರ್ಥಿಗಳು ಮನ್ನಿಸಬೇಕು. ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. ಪ್ರಯಾಣಿಕರಿಗೆ ಕುಲುಕು ತಾಗದಂತೆ ಹಿತವಾಗಿ, ಅಂದರೆ ಸೆಕೆಂಡಿಗೆ ಎರಡೂವರೆ ಮೀಟರಿನಂತೆ ವೇಗ ಇಳಿಸುತ್ತ ನಿಲ್ಲಿಸಲು 10 ಸೆಕೆಂಡು, 125 ಮೀಟರ್ ಬೇಕು. ಒಣ ರಸ್ತೆಯಲ್ಲಿ ಸೆಕೆಂಡಿಗೆ ಏಳು ಮೀಟರಿನಂತೆ ವೇಗ ಇಳಿಯುವಷ್ಟು ಬಲವಾಗಿ ಬ್ರೇಕು ಹಾಕಿದರೆ ಸುಮಾರು 45 ಮೀಟರಿನಲ್ಲಿ ನಿಲ್ಲಬಹುದು. ಈಗ ಹಿಂದಿನವನ ಪಾಡನ್ನು ನೋಡಿ. ಮುಂದಿನ ವಾಹನದ ಕೆಂಪು ದೀಪ ಕಂಡು ಕಾಲು ಅಥವಾ ಕೈ ಬ್ರೇಕಿಗೆ ಹೋಗಲು ಅವನಿಗೆ ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಅವನು 25 ಮೀಟರ್ ಮುಂದೆ ಬಂದಿರುತ್ತಾನೆ. ನಮ್ಮ ರಸ್ತೆಗಳಲ್ಲಿ ಎರಡು ವಾಹನಗಳ ನಡುವೆ ಹತ್ತು ಮೀಟರ್ ಬಿಟ್ಟರೆ ಅದೇ ಔದಾರ್ಯ! ಹಿತವಾದ ಬ್ರೇಕು ಹಿಂದಿನವನಿಗೆ ಸಮಯ ಕೊಡುತ್ತದೆ. ಹಠಾತ್ ಬ್ರೇಕು ನಮ್ಮ ಅಪಾಯವನ್ನು ಅವನ ಹೆಗಲಿಗೆ ದಾಟಿಸುತ್ತದೆ.

ಹಾಗೆಂದು ಈ ಯಂತ್ರವೇ ಬೇಡವೆನ್ನುವ ಹಳಬನ ಹಠ ನನ್ನದಲ್ಲ. ಅಮೆರಿಕದ ವಿಮಾ ಕಂಪೆನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಧ್ಯಯನದಂತೆ, ತಾನಾಗಿ ಬ್ರೇಕು ಹಾಕುವ ವ್ಯವಸ್ಥೆಯಿರುವ ವಾಹನಗಳು ಮುಂದಿನ ವಾಹನಕ್ಕೆ ಗುದ್ದುವುದು ಸುಮಾರು ಅರ್ಧದಷ್ಟು ಕಡಿಮೆಯಾಗಿದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಆ ವರ್ಷ ಅಪಘಾತಗಳ ಸಂಖ್ಯೆಯಲ್ಲಿ ತಮಿಳುನಾಡೇ ಮೊದಲ ಸ್ಥಾನದಲ್ಲಿತ್ತು. ನಿದ್ದೆಗಣ್ಣಿನ ಚಾಲಕನಿಗಿಂತ ತಡವಾಗಿಯಾದರೂ ಎಚ್ಚರಗೊಳ್ಳುವ ಯಂತ್ರ ಮೇಲು. 2025ರಲ್ಲಿ ಕೇಂದ್ರ ಸರ್ಕಾರ ಬಸ್ಸು, ಲಾರಿಗಳಿಗೂ ಇದನ್ನು ಕಡ್ಡಾಯ ಮಾಡುವ ಕರಡು ನಿಯಮ ಹೊರಡಿಸಿತು. ಉದ್ದೇಶ ಶ್ಲಾಘನೀಯವೇ. ಆದರೆ ಬತ್ತಲಗುಂಡು, ಪೆರಿಯಕುಳಂ, ತೇನಿ, ಕಂಬಂ ಎಂದು ಸಾಗುವ ನಮ್ಮ ಬಸ್ಸುಗಳಲ್ಲಿ ಬಾಗಿಲಿನ ಮೆಟ್ಟಿಲವರೆಗೂ ಜನ ನಿಂತಿರುತ್ತಾರೆ. ಕಂಕುಳಲ್ಲಿ ಕೂಸು, ಕೈಯಲ್ಲಿ ದ್ರಾಕ್ಷಿಯ ಬುಟ್ಟಿ ಹಿಡಿದು ನಿಂತ ತಾಯಿಗೆ ಹಠಾತ್ ಬ್ರೇಕು ಏನು ಮಾಡೀತೆಂಬುದನ್ನು ಪರೀಕ್ಷಿಸಿ ನೋಡಬೇಕಾದದ್ದು ಇಂಥ ಬಸ್ಸಿನಲ್ಲಿ, ಇಂಥ ರಸ್ತೆಯಲ್ಲಿ.

ಇನ್ನು ಹೊಣೆಯ ಪ್ರಶ್ನೆ. 2017ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಕಾರೊಂದು ಹೆದ್ದಾರಿಯಲ್ಲಿ ಸೂಚನೆ ಕೊಡದೆ ಥಟ್ಟನೆ ನಿಂತಿತು. ಹಿಂದೆ ಬರುತ್ತಿದ್ದ ಮೋಟಾರು ಸೈಕಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿ ಅದಕ್ಕೆ ಗುದ್ದಿ ಬಿದ್ದ. ಅವನ ಹಿಂದಿನಿಂದ ಬಂದ ಬಸ್ಸು ಅವನ ಮೇಲೆ ಹಾಯ್ದು, ಒಂದು ಕಾಲನ್ನೇ ಕಳೆದುಕೊಳ್ಳಬೇಕಾಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕಾರಿನ ಚಾಲಕನ ಮೇಲೆ ಶೇಕಡ 50, ಬಸ್ಸಿನ ಚಾಲಕನ ಮೇಲೆ 30, ಅಂತರ ಕಾಯದ ತಪ್ಪಿಗಾಗಿ ಆ ವಿದ್ಯಾರ್ಥಿಯ ಮೇಲೆ 20ರಷ್ಟು ಹೊಣೆ ಹೊರಿಸಿತು. ಅಲ್ಲಿ ಬ್ರೇಕು ಒತ್ತಿದ್ದು ಮನುಷ್ಯನ ಕಾಲು. ನಾಳೆ ಯಂತ್ರವೇ ಒತ್ತಿದಾಗ ಆ ಐವತ್ತು ಪಾಲನ್ನು ಹೊರುವವರು ಯಾರು? ವಾಹನ ಮಾರಿದವರೇ, ಕೊಂಡವರೇ, ಚಕ್ರ ಹಿಡಿದ ಬಡಪಾಯಿಯೇ? ಕಾನೂನು ಇದನ್ನು ಸ್ಪಷ್ಟವಾಗಿ ಹೇಳಬೇಕು. ಅದು ಹೇಳುವ ತನಕ ಕಟಕಟೆಯಲ್ಲಿ ನಿಲ್ಲುವವನು ಚಾಲಕನೇ ಎಂಬುದನ್ನು ನಮ್ಮ ಹುಡುಗರು ಮರೆಯಬಾರದು.

ಅಂದು ದಾರಿಯ ಚಹದಂಗಡಿಯಲ್ಲಿ ಆ ಹುಡುಗನನ್ನು, "ಈ ಯಂತ್ರದ ಮಿತಿಯೇನೆಂದು ನಿನಗೆ ಯಾರೂ ಹೇಳಲಿಲ್ಲವೇ?" ಎಂದು ಕೇಳಿದೆ. ಅವನು ಕಾರಿನಿಂದ ದಪ್ಪ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟ. ಪೂರ್ತಿ ಇಂಗ್ಲಿಷಿನಲ್ಲಿತ್ತು. ಎದುರು ಬಿಸಿಲು, ಮಳೆ, ಕೆಸರು ಮೆತ್ತಿದ ಗಾಜು ಇದ್ದಲ್ಲಿ ಯಂತ್ರವನ್ನು ನಂಬಬೇಡಿ, ಚಾಲಕನ ಗಮನಕ್ಕೆ ಇದು ಬದಲಿಯಲ್ಲ ಎಂದೆಲ್ಲ ಅದರಲ್ಲಿ ಬರೆದೇ ಇತ್ತು. ಮುಂದಿನ ವಾಹನದಿಂದ ಕಾಯ್ದುಕೊಳ್ಳುವ ಅಂತರವನ್ನು ಹೆಚ್ಚಿಸುವ ಗುಂಡಿ ಎಲ್ಲಿದೆಯೆಂಬುದೂ ಇತ್ತು. ನಾನು ನಿಘಂಟಿನ ಬಲದಿಂದ ಕಷ್ಟಪಟ್ಟು ಓದಿ ಹೇಳಿದೆ. ಅವನ ವಾಹನ ಅದುವರೆಗೂ ಅತ್ಯಂತ ಕಡಿಮೆ ಅಂತರದಲ್ಲಿ ಓಡುತ್ತಿತ್ತು!

ಕಂಬಂ ಕಣಿವೆಯ ಕಪ್ಪಿಲಿಯ ಒಕ್ಕಲಿಗರ ಮನೆಗಳಲ್ಲಿ ತಲೆಮಾರುಗಳಿಂದ ಆಡುವ ಮಾತು ಕನ್ನಡ. ಶಾಲೆಯಲ್ಲಿ ಕಲಿಯುವುದು ತಮಿಳು. ಇವೆರಡರಲ್ಲಿ ಯಾವುದರಲ್ಲಾದರೂ ನಾಲ್ಕು ಪುಟದ ಎಚ್ಚರಿಕೆ ಅಚ್ಚುಮಾಡಿ ಕೊಟ್ಟಿದ್ದರೆ ಅವನು ಓದುತ್ತಿದ್ದ. "ಅತಿವೇಗ ತಿಥಿ ಬೇಗ" ಎಂದು ಕನ್ನಡನಾಡಿನ ರಸ್ತೆ ಬದಿಯಲ್ಲಿ ಬರೆದದ್ದು ಎಲ್ಲರ ಎದೆಗೂ ನಾಟುವುದು ಅದು ಆಡುಮಾತಿನಲ್ಲಿರುವುದರಿಂದ. ಜಾಹೀರಾತನ್ನು ನಮ್ಮ ಭಾಷೆಯಲ್ಲಿ ಕೊಡಬಲ್ಲ ತಯಾರಕರು ಎಚ್ಚರಿಕೆಯನ್ನೂ ನಮ್ಮ ಭಾಷೆಯಲ್ಲಿ ಕೊಡಲಿ ಎಂದು ಕೇಳುವುದು ಭಾಷಾಭಿಮಾನ ಮಾತ್ರವಲ್ಲ, ಪ್ರಾಣದ ಪ್ರಶ್ನೆ. ಈ ಒತ್ತಾಯವನ್ನು ಕಾರು ಕೊಳ್ಳುವಾಗಲೇ ಅಂಗಡಿಯಲ್ಲಿ ಮಾಡಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವಿನಂತಿಸುತ್ತೇನೆ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ತಡವಾಗಿ, ಹಠಾತ್ತಾಗಿ ಬ್ರೇಕು ಹಾಕಿದವನು ನಾನೂ ಹೌದು. ಜೂನ್ ತಿಂಗಳಿಂದಲೇ ಗಣಿತದಲ್ಲಿ ಹಿಂದೆ ಬೀಳುತ್ತಿದ್ದ ಹುಡುಗನೊಬ್ಬನನ್ನು ಕಂಡೂ ಸುಮ್ಮನಿದ್ದು, ವರ್ಷದ ಕೊನೆಗೆ ಪರೀಕ್ಷೆಯ ಫಲಿತಾಂಶ ಬಂದಾಗ ಎಲ್ಲರೆದುರು ಗದರಿಸಿ ಅದೇ ತರಗತಿಯಲ್ಲಿ ನಿಲ್ಲಿಸಿಬಿಟ್ಟೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಬೋಡಿಯ ಏಲಕ್ಕಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದಾನೆಂದು ಆಮೇಲೆ ತಿಳಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಮೇಷ್ಟರು ನಾನು. ಜುಲೈಯಲ್ಲಿ ಒಂದು ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಲೆಕ್ಕ ಮಾಡಿಸಿದ್ದರೆ ಸಾಕಾಗುತ್ತಿತ್ತು.

ಆದ್ದರಿಂದ ದೂರ ನೋಡುವ ಕೆಲಸವನ್ನು ಯಾರೂ ಯಂತ್ರಕ್ಕೆ ಬಿಟ್ಟುಕೊಡಬಾರದೆಂಬುದೇ ನನ್ನ ಅಭಿಪ್ರಾಯ. ಯಂತ್ರ ಕಡೆಯ ಕಾವಲುಗಾರನಾಗಿರಲಿ. ಮೊದಲ ಕಾವಲು ನಮ್ಮ ಕಣ್ಣಿನದಾಗಿರಲಿ. ಉತ್ಸವಕ್ಕೆ ದೂರದೂರಿನಿಂದ ವಾಹನ ಓಡಿಸಿಕೊಂಡು ಬರುವ ಮಕ್ಕಳೆಲ್ಲ ಮುಂದಿನವರಿಂದ ಅಂತರವಿಟ್ಟು, ಹಿಂದಿನವರನ್ನು ನೆನಪಿನಲ್ಲಿಟ್ಟು, ನಿಧಾನವಾಗಿ ಬನ್ನಿ. ಹೊತ್ತಾದರೂ ಚಿಂತೆಯಿಲ್ಲ, ನಾವು ಕಾಯುತ್ತೇವೆ. ಶಾಲೆಗೂ ನಿಮಗೂ ಶುಭವಾಗಲಿ.