ಎಣಿಕೆಗೆ ಸಿಗದ ಓದುಗರು



ಕಳೆದ ಸಭೆಯಲ್ಲಿ ಒಂದು ಸಲಹೆ ಬಂತು: ನಮ್ಮ ಸಂಘದ ವೆಬ್‌ಸೈಟಿನಲ್ಲಿ ಮಕ್ಕಳ ಕನ್ನಡ ಪಾಠದ ಪುಟಕ್ಕೆ ಭೇಟಿ ಕಡಿಮೆ, ನಿಲ್ಲಿಸಿಬಿಡೋಣ ಅಂತ. ಆ ಲೆಕ್ಕ ತೆಗೆದುಕೊಟ್ಟವನು ನಾನೇ. ಹಾಗಾಗಿ ನಾಲ್ಕು ಮಾತು ಹೇಳಲೇಬೇಕು.

ಹಿಂದೆಲ್ಲ ‘ಹಿಟ್’ ಎಣಿಸುತ್ತಿದ್ದರು. ಪುಟದಲ್ಲಿ 20 ಚಿತ್ರಗಳಿದ್ದರೆ ಒಮ್ಮೆ ತೆರೆದರೂ 21 ಹಿಟ್! ಈಗ ಗೂಗಲ್ ಅನಲಿಟಿಕ್ಸ್ ಎಣಿಸುವುದು ‘ಸೆಷನ್’. 30 ನಿಮಿಷ ಸುಮ್ಮನಿದ್ದು ಮತ್ತೆ ಓದಿದರೆ ಹೊಸ ಭೇಟಿ. ‘ಬಳಕೆದಾರ’ ಎಂದರೂ ಸಾಮಾನ್ಯವಾಗಿ ಮನುಷ್ಯನಲ್ಲ, ಬ್ರೌಸರಿನಲ್ಲಿ ಕೂತ ಒಂದು ಕುಕೀ. ನಾನೊಬ್ಬನೇ ಆಫೀಸಿನಲ್ಲೊಮ್ಮೆ, ಫೋನಿನಲ್ಲೊಮ್ಮೆ ನೋಡಿದರೆ ಇಬ್ಬರು. ಊರಿಂದ ಬಂದ ಅಮ್ಮ ಮೊಮ್ಮಕ್ಕಳಿಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಲ್ಯಾಪ್‌ಟಾಪಿನಲ್ಲಿ ಅ ಆ ಇ ಈ ಹೇಳಿಸಿದರೆ ಮೂವರೂ ಸೇರಿ ಒಬ್ಬರು. ಪಾಠವನ್ನು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿಕೊಂಡರೆ ಆಮೇಲಿನ ಓದು ಲೆಕ್ಕಕ್ಕೇ ಇಲ್ಲ.

ಅಂಕಿ ಸುಳ್ಳಲ್ಲ. ಆದರೆ ಅದು ಎಣಿಸಿದ್ದು ಬ್ರೌಸರುಗಳನ್ನು, ಮಕ್ಕಳನ್ನಲ್ಲ. ಪುಟ ಮುಚ್ಚುವ ಮುಂಚೆ ಒಂದೊಂದು ಮನೆಗೂ ಫೋನ್ ಮಾಡಿ ಕೇಳೋಣ. ಸದಸ್ಯರ ಪಟ್ಟಿ ಕೊಡಿ, ಆ ಕೆಲಸ ನಾನೇ ಮಾಡುತ್ತೇನೆ.